ಕಲ್ಲಿಗೆ ಅಣ್ಣಯ್ಯ ಅಂದವನು

ಒಂದು ಜಿಲ್ಲೆಗೆ ಹೊಸ ಡಿಸಿ ಚಾರ್ಜ್ ತಗೊಳ್ಳೋಕೆ ಬರ್ತಿದ್ದಾರೆ ಅಂದ್ಕೊಳ್ಳಿ. ಆಫೀಸಿನ ಎದುರು ಸಿಬ್ಬಂದಿಯೆಲ್ಲ ಸಾಲಾಗಿ ನಿಂತಿದ್ದಾರೆ. ಹಾರ, ಶಾಲು, ಬೊಂಡ ಎಲ್ಲ ರೆಡಿ. ಸಾಹೇಬರು ಬಂದವರು ಯಾರ ಮುಖವನ್ನೂ ನೋಡದೆ ನೇರ ಅಂಗಳದಲ್ಲಿದ್ದ ಒಂದು ಕಲ್ಲಿನ ಹತ್ರ ಹೋಗಿ ಕೈಮುಗಿದು ನಿಂತ್ರೆ ಹೇಗಿರತ್ತೆ?

ಹೆಚ್ಚುಕಮ್ಮಿ ಇಂಥದ್ದೇ ಒಂದು ಘಟನೆ 1104ರ ಆಸುಪಾಸಿನಲ್ಲಿ ಚೀನಾದ ವೂವೇ ಅನ್ನೋ ಊರಲ್ಲಿ ನಡೀತು. ವೂವೇ ಈಗಿನ ಆನ್‌ಹುಯ್ ಪ್ರಾಂತ್ಯದಲ್ಲಿದೆ. ಬಂದ ಅಧಿಕಾರಿಯ ಹೆಸರು ಮಿ ಫೂ. ಕಚೇರಿಯ ಆವರಣದಲ್ಲಿ ವಿಚಿತ್ರ ಆಕಾರದ ದೊಡ್ಡ ಕಲ್ಲೊಂದು ನಿಂತಿತ್ತು. ಅದನ್ನು ನೋಡಿದ್ದೇ ಅವನಿಗೆ ಖುಷಿ ತಡೆಯೋಕಾಗಲಿಲ್ಲ. ಕೂಡಲೇ ಆಳುಗಳನ್ನು ಕಳಿಸಿ ತನ್ನ ಆಸ್ಥಾನದ ಉಡುಪು ತರಿಸಿದ. ಚಕ್ರವರ್ತಿಯ ಎದುರು ನಿಲ್ಲುವಾಗ ಕೈಯಲ್ಲಿ ಹಿಡಿಯೋ ಫಲಕವನ್ನೂ ತರಿಸಿದ. ಎಲ್ಲ ತೊಟ್ಟು, ಹಿಡಿದು, ಕಲ್ಲಿನ ಮುಂದೆ ಬಗ್ಗಿ ನಮಸ್ಕಾರ ಮಾಡಿ ಅದನ್ನು ಅಣ್ಣ ಅಂತ ಕರೆದ. ಕೆಲವು ಹಳೆ ಪುಸ್ತಕಗಳಲ್ಲಿ ಅಣ್ಣ ಅಂತಲೂ ಕೆಲವದರಲ್ಲಿ ಹಿರಿಯರು ಅಂತಲೂ ಇದೆ. ನಮ್ಮ ಕುಂದಾಪ್ರ ಕನ್ನಡದಲ್ಲಿ ಅಣ್ಣಯ್ಯ ಅಂದ್ರೆ ಎರಡೂ ಬಂದುಬಿಡತ್ತೆ.

ಸುದ್ದಿ ರಾಜಧಾನಿಗೆ ಹೋಯ್ತು. ಆಗಿನ ಚೀನಾದಲ್ಲಿ ಅಧಿಕಾರಿಗಳ ತಪ್ಪು ಹುಡುಕಿ ವರದಿ ಮಾಡೋಕೆ ಅಂತಲೇ ಒಂದು ಇಲಾಖೆ ಇತ್ತು. ಅವರು ಇದನ್ನೂ ಬಿಡದೆ ಕಂಪ್ಲೇಂಟ್ ಹಾಕಿದ್ರು. ಆಸ್ಥಾನದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಜನ ಅವನಿಗೆ ಮೊದಲೇ ಒಂದು ಅಡ್ಡಹೆಸರು ಇಟ್ಟಿದ್ರು, ಮಿ ದ್ಯೆನ್ ಅಂತ. ಗಂಗೊಳ್ಳಿ ಬದಿಯ ಮಾತಲ್ಲಿ ಹೇಳೋದಾದ್ರೆ ಮರ್ಲ ಮಿ.

ನಮ್ಮ ಬದಿಯಲ್ಲಿ ಕಲ್ಲಿಗೆ ಕೈಮುಗಿದವರನ್ನು ಯಾರೂ ಮರ್ಲ ಅನ್ನಲ್ಲ ಅನ್ನೋದು ಬೇರೆ ವಿಷಯ. ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರ ಸೇರೋ ಐದು ಹೊಳೆಗಳಲ್ಲಿ ಸೌಪರ್ಣಿಕೆ ಬರೋದು ಕೊಲ್ಲೂರಿನ ಕಡೆಯಿಂದ. ಅಲ್ಲಿ ಮೂಕಾಂಬಿಕೆಯ ಉದ್ಭವ ಲಿಂಗದ ಮೇಲೆ ಇರೋ ಬಂಗಾರದ ಗೆರೆಯನ್ನು ಯಾರೂ ಉಳಿಯಿಂದ ಕೆತ್ತಿದ್ದಲ್ಲ ಅನ್ನೋದೇ ಅದರ ದೊಡ್ಡತನ. ಗಂಡಕಿ ನದಿಯ ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಎರಡೂ ಹಾಗೇ. ಮನುಷ್ಯ ಕೈ ಹಾಕದೇ ಇರೋ ಕಲ್ಲು, ಹೊಳೆ ಉರುಟು ಮಾಡಿದ ಕಲ್ಲು. ಬ್ರಹ್ಮಾವರದ ಹತ್ರ ಒಂದು ಊರಿಗೇ ಸಾಲಿಗ್ರಾಮ ಅಂತ ಹೆಸರಿದೆ. ಹಾಗಾಗಿ ಮಿ ಫೂ ಕಥೆಯನ್ನು ಇಂಗ್ಲಿಷ್ ಪುಸ್ತಕಗಳು ಜೋಕಿನ ಥರ ಹೇಳಿದ್ರೂ ನಮಗೆ ಪೂರ್ತಿ ನಗು ಬರಲ್ಲ. ಒಂದೇ ವ್ಯತ್ಯಾಸ ಏನಂದ್ರೆ ಅವನು ಆ ಕಲ್ಲಿನ ಹತ್ರ ಏನನ್ನೂ ಕೇಳ್ಕೊಳ್ಳಲಿಲ್ಲ. ಪರೀಕ್ಷೆ ಪಾಸ್ ಮಾಡಿಸು, ಪ್ರಮೋಷನ್ ಕೊಡಿಸು, ಯಾವುದೂ ಇಲ್ಲ. ಅದು ಅವನಿಗೆ ದೇವರಲ್ಲ, ಮನೆಯ ಹಿರಿಯ.

ಮಿ ಫೂ ಹುಟ್ಟಿದ್ದು 1051ರಲ್ಲಿ, ಸೋಂಗ್ ರಾಜವಂಶದ ಕಾಲದಲ್ಲಿ. ಮನೆತನದ ಮೂಲ ಉತ್ತರದ ತಾಯ್‌ಯ್ವಾನ್. ಆಮೇಲೆ ಶ್ಯಾಂಗ್‌ಯಾಂಗ್ ಊರಿಗೆ ಬಂದ್ರು. ಕೊನೆಗೆ ಅವನು ನೆಲೆ ನಿಂತಿದ್ದು ಯಾಂಗ್‌ತ್ಸೆ ನದಿಯ ದಂಡೆಯ ಝೆನ್‌ಜ್ಯಾಂಗ್‌ನಲ್ಲಿ. ತಾಯಿಯ ಮನೆತನ ಯಾನ್. ಅವರು ಅರಮನೆಯಲ್ಲಿ ಗಾವ್ ಅನ್ನೋ ರಾಣಿಯ ಸೇವೆಯಲ್ಲಿದ್ರು. ಆ ರಾಣಿಯ ಗಂಡ 1063ರಲ್ಲಿ ಚಕ್ರವರ್ತಿಯಾದ, 1067ರಲ್ಲಿ ಮಗ ಚಕ್ರವರ್ತಿಯಾದ. ಹೀಗಾಗಿ ಸೇವಕಿಯ ಮಗನಿಗೆ ಸರ್ಕಾರಿ ಕೆಲಸ ಸಿಕ್ತು, ಅದೂ ಪರೀಕ್ಷೆ ಬರೆಯದೆ.

ಇದನ್ನು ಸ್ವಲ್ಪ ಗಮನಿಸಬೇಕು. ಆಗ ಚೀನಾದಲ್ಲಿ ಅಧಿಕಾರಿಯಾಗೋಕೆ ಇದ್ದ ಪರೀಕ್ಷೆ ಈಗಿನ ಯುಪಿಎಸ್‌ಸಿಗಿಂತ ಕಮ್ಮಿ ಕಷ್ಟದ್ದೇನಲ್ಲ. ಜನ ಜೀವಮಾನವಿಡೀ ಬರೀತಾ ಇದ್ರು. ಪಾಸಾದವರ ಮಧ್ಯೆ, ಅಮ್ಮ ಅರಮನೆಯಲ್ಲಿ ಕೆಲಸಕ್ಕಿದ್ಳು ಅಂತ ಸೀಟು ಸಿಕ್ಕಿದವನು ಕೂತ್ರೆ ಅವನ ಪಾಡು ಏನಿರಬಹುದು? ಬದುಕಿಡೀ ಅವನಿಗೆ ದೊಡ್ಡ ಹುದ್ದೆ ಸಿಗಲಿಲ್ಲ. ಸಿಕ್ಕಿದಾಗಲೂ ವಿರೋಧಿಗಳು ಅಮ್ಮನ ವಿಷಯವನ್ನೇ ಎತ್ತಿದ್ರು. ಅವನ ಮರ್ಲಿನ ಅರ್ಧ ಭಾಗ ಇಲ್ಲಿಂದಲೇ ಬಂತು ಅಂತ ನಂಗೆ ಅನ್ಸತ್ತೆ.

ಮೊದಲ ಪೋಸ್ಟಿಂಗ್‌ಗಳು ದಕ್ಷಿಣದ ಮೂಲೆಯಲ್ಲಿ. ಒಂದು ಗ್ವಾಂಗ್‌ದೊಂಗ್‌ನ ಇಂಗ್‌ದೆ ಸೀಮೆ, ಇನ್ನೊಂದು ಗ್ವೇಲಿನ್. ನಮ್ಮಲ್ಲಿ ಪನಿಶ್‌ಮೆಂಟ್ ಟ್ರಾನ್ಸ್‌ಫರ್ ಅಂತಾರಲ್ಲ, ಅಂಥ ದೂರದ ಜಾಗಗಳು. ಆದ್ರೆ ಕಲ್ಲಿನ ಲೆಕ್ಕದಲ್ಲಿ ನೋಡಿದ್ರೆ ಇದಕ್ಕಿಂತ ಒಳ್ಳೆ ಟ್ರೈನಿಂಗ್ ಇನ್ನೊಂದಿಲ್ಲ. ಗ್ವೇಲಿನ್ ಸುತ್ತ ಸುಣ್ಣಕಲ್ಲಿನ ಗುಡ್ಡಗಳು ಬೆರಳು ನೆಟ್ಟ ಹಾಗೆ ನಿಂತಿವೆ. ಇಂಗ್‌ದೆಯ ಕಲ್ಲು ಇವತ್ತಿಗೂ ಚೀನಾದ ನಾಲ್ಕು ಹೆಸರುವಾಸಿ ನೋಟದ ಕಲ್ಲುಗಳಲ್ಲಿ ಒಂದು.

ನೋಟದ ಕಲ್ಲು ಅಂದ್ರೇನು ಅಂತ ಹೇಳಿಬಿಡ್ತೀನಿ. ಚೀನಾದ ಓದುಬರಹ ಬಲ್ಲವರ ಮನೆಯಲ್ಲಿ ಬರೆಯೋ ಮೇಜಿನ ಮೇಲೆ ಕುಂಚ, ಶಾಯಿ, ಕಾಗದದ ಜೊತೆ ಒಂದು ಕಲ್ಲೂ ಇರ್ತಿತ್ತು. ಕೆತ್ತಿದ ವಿಗ್ರಹ ಅಲ್ಲ, ಸಿಕ್ಕಿದ ಕಲ್ಲು. ಅದರಲ್ಲಿ ಬೆಟ್ಟ, ಗುಹೆ, ಮೋಡ ಕಾಣಬೇಕು. ದೊಡ್ಡದಾದ್ರೆ ತೋಟದಲ್ಲಿ ಪೀಠದ ಮೇಲೆ ನಿಲ್ಲಿಸ್ತಿದ್ರು. ಸಣ್ಣದಾದ್ರೆ ತಟ್ಟೆಯಲ್ಲೋ, ಮೇಜಿನ ಮೇಲೋ. ಕಲ್ಲಿನ ಅಡಿಗೆ ಸರಿಯಾಗಿ ಕೂರೋ ಹಾಗೆ ಮರದ ಪೀಠ ಕೆತ್ತಿಸೋದು ಮುಂದಿನ ಶತಮಾನಗಳಲ್ಲಿ ದೊಡ್ಡ ಕಸುಬೇ ಆಯ್ತು. ಮಿ ಫೂಗಿಂತ ಇನ್ನೂರೈವತ್ತು ವರ್ಷ ಮೊದಲೇ, 843ರಲ್ಲಿ, ಬಾಯ್ ಜೂಯಿ ಅನ್ನೋ ಕವಿ ತಾಯ್‌ಹು ಸರೋವರದ ಕಲ್ಲುಗಳ ಬಗ್ಗೆ ಪ್ರಬಂಧ ಬರೆದಿದ್ದ. ಅಂದ್ರೆ ಈ ಹುಚ್ಚು ಮಿ ಫೂ ಶುರು ಮಾಡಿದ್ದಲ್ಲ. ಅದಕ್ಕೆ ಗ್ರೇಡಿಂಗ್ ಸಿಸ್ಟಮ್ ಕೊಟ್ಟಿದ್ದು ಅವನು ಅಂತ ಹೇಳ್ತಾರೆ.

ಅವನ ಹೆಸರಲ್ಲಿ ಬಂದಿರೋ ಗುಣಗಳು ನಾಲ್ಕು. ಶೋ ಅಂದ್ರೆ ಕಲ್ಲು ತೆಳ್ಳಗೆ ಎದ್ದು ನಿಂತಿರಬೇಕು. ಬೊಜ್ಜು ಇರಬಾರದು. ಝೋ ಅಂದ್ರೆ ಮೈಮೇಲೆ ಸುಕ್ಕು, ಮಡಿಕೆ. ಉಳಿದೆರಡು ನಂಗೆ ಬಹಳ ಇಷ್ಟ. ಲೋ ಮತ್ತು ತೋ. ಲೋ ಅಂದ್ರೆ ಮೇಲೆ ನೀರು ಹೊಯ್ದರೆ ಒಳಗಿನ ದಾರಿಗಳಲ್ಲಿ ಹಾದು ಕೆಳಗೆ ಸೋರಬೇಕು. ತೋ ಅಂದ್ರೆ ಆಚೆಯಿಂದ ಈಚೆಗೆ ಬೆಳಕು ಕಾಣೋ ಹಾಗೆ ತೂತುಗಳಿರಬೇಕು. ಸಿವಿಲ್‌ನವರಿಗೆ ಇದು ಕೇಳಿದ ಹಾಗಿದೆ ಅಲ್ವಾ? ಬರೀ ತೂತು ಇದ್ರೆ ಪೊರಾಸಿಟಿ. ತೂತುಗಳು ಒಂದಕ್ಕೊಂದು ಸೇರ್ಕೊಂಡು ನೀರು ಹರಿದ್ರೆ ಪರ್ಮಿಯಬಿಲಿಟಿ. ಇವೆರಡೂ ಬೇರೆ ಬೇರೆ ಅಂತ ನಮಗೆ ಜಿಯಾಲಜಿ ಕ್ಲಾಸಲ್ಲಿ ತಲೆಗೆ ಹೊಡೆದು ಹೇಳ್ತಾರೆ. ಚೀನಾದ ಕಲ್ಲುಪ್ರಿಯರು ಅದನ್ನು ಕಣ್ಣಲ್ಲೇ ಬೇರೆ ಮಾಡಿದ್ರು, ಅದೂ ಚಂದದ ಲೆಕ್ಕದಲ್ಲಿ.

ತಾಯ್‌ಹು ಕಲ್ಲಿಗೆ ಆ ತೂತುಗಳು ಬರೋದು ಹೇಗೆ ಅನ್ನೋದು ಸರಳ ಕೆಮಿಸ್ಟ್ರಿ. ಅದು ಸುಣ್ಣಕಲ್ಲು. ಗಾಳಿಯ ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಕರಗಿ ಸಣ್ಣ ಆಮ್ಲ ಆಗತ್ತೆ, ಅದು ಕಲ್ಲನ್ನು ನಿಧಾನಕ್ಕೆ ತಿನ್ನತ್ತೆ. ಅಲೆ ಮತ್ತು ಮರಳು ಉಜ್ಜಿ ಉಜ್ಜಿ ತೂತನ್ನು ನುಣುಪು ಮಾಡತ್ತೆ. ನಮ್ಮ ಕರಾವಳಿಯಲ್ಲಿ ಮನೆ ಕಟ್ಟೋ ಮುರಕಲ್ಲಿನಲ್ಲೂ ತೂತುಗಳಿವೆ, ಆದ್ರೆ ಅದರ ದಾರಿ ಬೇರೆ. ಸಾವಿರಾರು ಮಳೆಗಾಲಗಳು ಸಿಲಿಕಾವನ್ನು ತೊಳ್ಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಮ್ ಉಳಿದಿದ್ದು ಅದು. ಮಿ ಫೂ ಗಂಗೊಳ್ಳಿಗೆ ಬಂದಿದ್ರೆ ಪಾಗಾರದ ಕಲ್ಲುಗಳಿಗೆಲ್ಲ ನಮಸ್ಕಾರ ಮಾಡ್ತಾ ಮನೆ ಮುಟ್ಟೋಕೆ ರಾತ್ರಿ ಆಗ್ತಿತ್ತೇನೋ!

1082ರಲ್ಲಿ ಅವನು ಹ್ವಾಂಗ್‌ಝೋ ಊರಿಗೆ ಹೋಗಿ ಸೂ ಶೀಯನ್ನು ಕಂಡ. ಸೂ ಶೀ ಆ ಕಾಲದ ಅತಿ ದೊಡ್ಡ ಕವಿ. ಸರ್ಕಾರವನ್ನು ಟೀಕಿಸಿದ್ದಕ್ಕೆ ಗಡಿಪಾರಾಗಿ ಅಲ್ಲಿ ಬಡತನದಲ್ಲಿ ಇದ್ದ. ಅವನಿಗೂ ಕಲ್ಲಿನ ಹುಚ್ಚು. ಹೊಳೆಯಲ್ಲಿ ಈಜೋ ಮಕ್ಕಳು ಬಣ್ಣ ಬಣ್ಣದ ಉರುಟು ಕಲ್ಲು ಹೆಕ್ಕಿ ತಂದ್ರೆ ಅವರಿಗೆ ತಿಂಡಿ ಕೊಟ್ಟು ಕಲ್ಲು ತಗೊಳ್ತಿದ್ದ. ಹಾಗೆ ಕೂಡಿಸಿದ 298 ಕಲ್ಲುಗಳನ್ನು ಹಳೇ ಕಂಚಿನ ಪಾತ್ರೆಯಲ್ಲಿ ನೀರು ಹಾಕಿ ಇಟ್ಟು, ಕೊನೆಗೆ ಫೋಯಿನ್ ಅನ್ನೋ ಬೌದ್ಧ ಸನ್ಯಾಸಿ ಗೆಳೆಯನಿಗೆ ಕಾಣಿಕೆ ಕಳಿಸಿದ. ನೀರು ಯಾಕೆ? ಸಮುದ್ರದ ದಂಡೆಯಲ್ಲಿ ಚಂದ ಕಂಡ ಕಲ್ಲು ಮನೆಗೆ ತಂದ ಮೇಲೆ ಮಂಕಾಗಿದ್ದು ನಮ್ಮ ಬದಿಯ ಎಲ್ಲರಿಗೂ ಗೊತ್ತು. ಒಣಗಿದ ಮೇಲ್ಮೈ ಬೆಳಕನ್ನು ಅಡ್ಡಾದಿಡ್ಡಿ ಚದುರಿಸತ್ತೆ. ಒದ್ದೆಯಾದ್ರೆ ನೀರು ಸಣ್ಣ ಸಣ್ಣ ಒರಟನ್ನೆಲ್ಲ ತುಂಬಿ ಒಳಗಿನ ಬಣ್ಣ ತೋರಿಸತ್ತೆ. ಸೂ ಶೀಗೆ ಆಪ್ಟಿಕ್ಸ್ ಬೇಕಾಗಿರಲಿಲ್ಲ, ಪಾತ್ರೆ ಸಾಕಿತ್ತು.

ಈ ಭೇಟಿ ಮಿ ಫೂನ ಬರವಣಿಗೆಯನ್ನೇ ಬದಲಾಯಿಸ್ತು. ಹೊಸ ಕಾಲದವರನ್ನು ಬಿಟ್ಟು ಏಳುನೂರು ವರ್ಷ ಹಿಂದಿನ ಜಿನ್ ಕಾಲದ ಗುರುಗಳ ಕೈಬರಹವನ್ನು ಅಭ್ಯಾಸ ಮಾಡು ಅಂತ ಸೂ ಶೀ ಹೇಳಿದನಂತೆ. ಮಿ ಫೂ ಅದನ್ನು ಎಷ್ಟು ಸೀರಿಯಸ್ಸಾಗಿ ತಗೊಂಡ ಅಂದ್ರೆ ಮುಂದೆ ಸೋಂಗ್ ಕಾಲದ ನಾಲ್ಕು ಮಹಾ ಲಿಪಿಕಾರರಲ್ಲಿ ಒಬ್ಬನಾದ. ಚೀನಾದಲ್ಲಿ ಅಕ್ಷರ ಬರೆಯೋದು ಸಂಗೀತದಷ್ಟೇ ದೊಡ್ಡ ಕಲೆ. ಅಲ್ಲಿನ ಮಕ್ಕಳು ಇವತ್ತೂ ಅವನ ಅಕ್ಷರ ನೋಡಿ ತಿದ್ದುತ್ತಾರೆ. ಆದ್ರೆ ಅದೇ ಕೈ ಕಳ್ಳಗೈ ಕೂಡ. ಯಾರದ್ದೋ ಹಳೇ ಕೈಬರಹ ಸಾಲ ತರ್ತಿದ್ದ, ಥೇಟ್ ಹಾಗೇ ಇನ್ನೊಂದು ಬರೀತಿದ್ದ, ಎರಡನ್ನೂ ಮಾಲೀಕನ ಮುಂದಿಟ್ಟು ನಿನ್ನದು ಯಾವುದೋ ತಗೋ ಅಂತಿದ್ದ. ಎಷ್ಟೋ ಜನ ನಕಲನ್ನೇ ಆರಿಸ್ಕೊಂಡು ಮನೆಗೆ ಹೋದ್ರಂತೆ. ಇನ್ನೊಂದು ಸಲ ದೋಣಿಯಲ್ಲಿ ಒಬ್ಬ ಮಂತ್ರಿಯ ಮಗ ಹಳೇ ಕೈಬರಹ ತೋರಿಸಿದ. ಅದನ್ನು ಕೊಡದಿದ್ರೆ ಇಲ್ಲೇ ನದಿಗೆ ಹಾರ್ತೀನಿ ಅಂತ ದೋಣಿಯ ಅಂಚು ಹಿಡ್ಕೊಂಡು ಕಿರುಚಿದ. ಕೊಟ್ರು. ಇದನ್ನೆಲ್ಲ ಮುದ್ದು ಹುಚ್ಚು ಅಂತ ಹೊಗಳೋದು ನಂಗೆ ಕಷ್ಟ. ಇದು ಬ್ಲ್ಯಾಕ್‌ಮೇಲ್.

ಸ್ವಚ್ಛತೆಯ ವಿಷಯದಲ್ಲೂ ಅತಿ. ಏನು ಮುಟ್ಟಿದ್ರೂ ಕೈ ತೊಳೀಬೇಕು, ಅದೂ ಹರಿಯೋ ನೀರಲ್ಲಿ. ಒಬ್ಬ ಗೆಳೆಯ ಇದನ್ನು ಚೆನ್ನಾಗಿ ಉಪಯೋಗಿಸಿಕೊಂಡ. ಮಿ ಫೂ ಹತ್ರ ಹೊಸ ಶಾಯಿಕಲ್ಲು ಬಂದಿತ್ತು. ಶಾಯಿಕಲ್ಲು ಅಂದ್ರೆ ನೀರು ಹಾಕಿ ಶಾಯಿಯ ಕಡ್ಡಿ ತೇಯೋ ಕಲ್ಲು, ನಾವು ಗಂಧ ತೇಯೋ ಕಲ್ಲಿನ ಹಾಗೆ. ಗೆಳೆಯ ಎರಡು ಸಲ ಕೈ ತೊಳೆದು ಬಂದು ಹೊಗಳಿದ. ತೇದು ನೋಡೋಣ ಅಂದ. ನೀರು ಬರೋಕೆ ಮೊದಲೇ ಅದರ ಮೇಲೆ ಉಗುಳಿ ತೇದುಬಿಟ್ಟ. ಮಿ ಫೂ ಹೌಹಾರಿ, ಆ ಕಲ್ಲು ನಂಗೆ ಬೇಡ, ನೀನೇ ತಗೊಂಡು ಹೋಗು ಅಂದ. ಆಮೇಲೆ ಗೆಳೆಯ ವಾಪಸ್ ಕೊಡೋಕೆ ಬಂದ್ರೂ ಮುಟ್ಟಲಿಲ್ಲ. ಮಗಳಿಗೆ ಗಂಡು ನೋಡುವಾಗಲೂ ಅಷ್ಟೇ. ಒಬ್ಬ ಹುಡುಗನ ಹೆಸರು ಫೂ ಅಂದ್ರೆ ಗುಡಿಸು, ಇನ್ನೊಂದು ಹೆಸರು ಛೂಚೆನ್ ಅಂದ್ರೆ ಧೂಳು ತೆಗೆ. ಹೆಸರಲ್ಲೇ ಎರಡು ಸಲ ಕ್ಲೀನ್ ಆದವನು ಅಂತ ಅವನಿಗೇ ಕೊಟ್ಟ.

ಶಾಯಿಕಲ್ಲಿನ ಬಗ್ಗೆ ಅವನು ಒಂದು ಪುಸ್ತಕವನ್ನೇ ಬರೆದಿದ್ದಾನೆ. ಅಲ್ಲಿ ಮಾತ್ರ ಮರ್ಲು ಕಾಣಲ್ಲ, ಸರಿಯಾದ ಇಂಜಿನಿಯರ್ ಕಾಣ್ತಾನೆ. ಶಾಯಿಕಲ್ಲಿನಲ್ಲಿ ಮೊದಲು ನೋಡಬೇಕಾದ್ದು ಶಾಯಿ ಚೆನ್ನಾಗಿ ಬರತ್ತಾ ಅನ್ನೋದು, ಬಣ್ಣ ಎರಡನೇದು, ಆಕಾರ ಕೊನೆಗೆ ಅಂತ ಅವನ ತೀರ್ಮಾನ. ಅಂದ್ರೆ ಕೆಲಸದ ಕಲ್ಲು ಬೇರೆ, ನೋಟದ ಕಲ್ಲು ಬೇರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

1090ರ ದಶಕದ ಕೊನೆಗೆ ಲ್ಯಾನ್‌ಶ್ವೇ ಅನ್ನೋ ಕಡೆ ಅಧಿಕಾರಿಯಾದ. ಪಕ್ಕದ ಸೀಮೆಯೇ ಲಿಂಗ್‌ಬಿ. ಹೆಸರಲ್ಲಿ ಲಿಂಗ ಇದೆ ಅಂತ ನಮಗೆ ಕೇಳೋದು ಕಾಕತಾಳೀಯ ಅಷ್ಟೇ. ಲಿಂಗ್‌ಬಿ ಕಲ್ಲು ಕಪ್ಪಗೆ, ಬಹಳ ಗಟ್ಟಿ, ಬೆರಳಿಂದ ತಟ್ಟಿದ್ರೆ ಗಂಟೆ ಥರ ನಾದ ಬರತ್ತೆ. ಕಣಗಳು ನುಣ್ಣಗೆ, ಒತ್ತೊತ್ತಾಗಿ ಇದ್ದು ಒಳಗೆ ಬಿರುಕಿಲ್ಲದ ಕಲ್ಲು ಹಾಗೆ ಕಂಪಿಸತ್ತೆ. ನಮ್ಮಲ್ಲಿ ಬಳ್ಳಾರಿ ಹತ್ರದ ಕುಪ್ಗಲ್ ಗುಡ್ಡದಲ್ಲೂ ಹೊಡೆದ್ರೆ ಹಾಡೋ ಬಂಡೆಗಳಿವೆ. ಶಿಲಾಯುಗದ ಜನ ಅವನ್ನು ಬಾರಿಸಿದ ಗುಳಿಗಳು ಇನ್ನೂ ಅಲ್ಲಿವೆ. ಲಿಂಗ್‌ಬಿಯ ಇಷ್ಟು ಹತ್ತಿರ ಬಂದ ಮೇಲೆ ಮಿ ಫೂ ಆಫೀಸಿಗೆ ಹೋಗೋದೇ ಬಿಟ್ಟ. ಕಲ್ಲುಗಳನ್ನು ಗುಡ್ಡೆ ಹಾಕಿ, ಒಂದೊಂದಕ್ಕೂ ಹೆಸರಿಟ್ಟು, ಕೋಣೆಯೊಳಗೆ ಕೂತ್ರೆ ಇಡೀ ದಿನ ಹೊರಗೆ ಬರ್ತಿರಲಿಲ್ಲ.

ಇನ್‌ಸ್ಪೆಕ್ಷನ್‌ಗೆ ಯಾಂಗ್ ಜ್ಯೇ ಅನ್ನೋ ಮೇಲಧಿಕಾರಿ ಬಂದ. ಇಷ್ಟು ದೊಡ್ಡ ಸೀಮೆಯನ್ನು ನಂಬಿ ಕೊಟ್ಟಿದ್ದಾರೆ, ನೀನು ಕಲ್ಲಾಟ ಆಡ್ಕೊಂಡು ಕೂತಿದ್ದೀಯಲ್ಲ, ರಿಪೋರ್ಟ್ ಹೋದ್ರೆ ಕೆಲಸ ಹೋಗತ್ತೆ ಅಂತ ಗದರಿಸಿದ. ಮಿ ಫೂ ಉತ್ತರ ಕೊಡಲಿಲ್ಲ. ಆಗಿನ ನಿಲುವಂಗಿಯ ತೋಳು ಚೀಲದಷ್ಟು ಅಗಲ. ಎಡತೋಳಿಂದ ಒಂದು ಕಲ್ಲು ತೆಗೆದ. ಸಣ್ಣ ಸಣ್ಣ ಶಿಖರ, ಗುಹೆ, ಎಲ್ಲ ಇದ್ದ ಚಂದದ ಕಲ್ಲು. ಮೇಲಧಿಕಾರಿಯ ಮುಖದ ಮುಂದೆ ಹಿಂದೆ ಮುಂದೆ ತಿರುಗಿಸಿ, ಇಂಥದ್ದನ್ನು ಹೇಗೆ ಪ್ರೀತಿಸದೆ ಇರಲಿ ಅಂತ ಕೇಳಿದ. ಯಾಂಗ್ ಮುಖ ತಿರುಗಿಸಿದ. ಎರಡನೇ ಕಲ್ಲು ಬಂತು, ಮೊದಲನೇದಕ್ಕಿಂತ ಚಂದ. ಯಾಂಗ್ ನೋಡಲಿಲ್ಲ. ಮೂರನೇದು ಹೊರಗೆ ಬಂದಾಗ ಯಾಂಗ್‌ಗೆ ತಡೆಯೋಕಾಗಲಿಲ್ಲ. ಪ್ರೀತಿ ಇರೋದು ನಿಂಗೊಬ್ಬನಿಗೇ ಅಲ್ಲ ಅಂತ ಹೇಳಿ ಅವನ ಕೈಯಿಂದ ಕಿತ್ಕೊಂಡು, ಗಾಡಿ ಹತ್ತಿ ಹೋಗೇಬಿಟ್ಟ. ಕೆಲಸ ಉಳೀತು, ಕಲ್ಲು ಹೋಯ್ತು. ಮಿ ಫೂ ಎಷ್ಟೋ ದಿನ ಆ ಕಲ್ಲಿಗಾಗಿ ಕೊರಗಿದನಂತೆ.

ಈ ಹುಚ್ಚಿನ ಹಿಂದೆ ಲೆಕ್ಕಾಚಾರವೂ ಇತ್ತಾ? ಆಗಿನ ರಾಜಕೀಯ ನೋಡಿ. ಸುಧಾರಣೆ ಬೇಕು ಅನ್ನೋ ಪಕ್ಷ, ಬೇಡ ಅನ್ನೋ ಪಕ್ಷ, ಯಾವುದು ಗೆದ್ರೂ ಸೋತವರ ಗಡಿಪಾರು. ಸೂ ಶೀಯನ್ನು ಕೊನೆಗೆ ಹಾಯ್‌ನಾನ್ ದ್ವೀಪದವರೆಗೆ ಅಟ್ಟಿದ್ರು. 1101ರಲ್ಲಿ ವಾಪಸ್ ಬರೋ ದಾರಿಯಲ್ಲಿ ಅವನು ತೀರ್ಕೊಂಡ. ಆಮೇಲೆ ಅವನ ಪುಸ್ತಕಗಳನ್ನೇ ನಿಷೇಧ ಮಾಡಿದ್ರು. ಅದೇ ಸೂ ಶೀಯ ಆಪ್ತ ಗೆಳೆಯ ಮಿ ಫೂಗೆ ಅಂಥದ್ದೇನೂ ಆಗಲಿಲ್ಲ. ಹಳೇ ಕಾಲದ ತಾಂಗ್ ಉಡುಪು ಹಾಕ್ಕೊಂಡು ಬೀದಿಯಲ್ಲಿ ಓಡಾಡುವವನನ್ನು ಯಾರು ರಾಜಕೀಯ ಶತ್ರು ಅಂತ ಲೆಕ್ಕಕ್ಕೆ ತಗೊಳ್ತಾರೆ? ಒಂದು ಊಟದ ಕೂಟದಲ್ಲಿ ಅವನೇ ಎದ್ದು ನಿಂತು, ಎಲ್ಲರೂ ನನ್ನನ್ನು ಹುಚ್ಚ ಅಂತಾರೆ, ನಿಮ್ಮ ಅಭಿಪ್ರಾಯ ಏನು ಅಂತ ಸೂ ಶೀಯನ್ನು ಕೇಳಿದ್ದನಂತೆ. ಸೂ ಶೀ ನಗ್ತಾ, ತಾನು ಬಹುಮತದ ಕಡೆ ಅಂದ. ಎಲ್ಲ ನಕ್ಕರು. ನಂಗೆ ಮಾತ್ರ ಆ ಪ್ರಶ್ನೆ ತಮಾಷೆಗೆ ಕೇಳಿದ್ದು ಅಂತ ಅನ್ಸಲ್ಲ. ಬೇರೆಯವರು ಹುಚ್ಚ ಅಂದ್ರೆ ರಕ್ಷಣೆ. ಗುರು ಅನ್ನಬಾರದು ಅಂತ ಅವನಿಗೆ ಆಸೆ ಇದ್ದಿರಬೇಕು.

1100ರಲ್ಲಿ ಹುಯ್‌ಜೋಂಗ್ ಚಕ್ರವರ್ತಿಯಾದ. ಸ್ವತಃ ಚಿತ್ರಕಾರ, ಲಿಪಿಕಾರ, ಕಲ್ಲಿನ ಹುಚ್ಚನೂ ಹೌದು. ಮಿ ಫೂವನ್ನು ಕರೆಸಿ ಅರಮನೆಯ ಚಿತ್ರ ಮತ್ತು ಬರವಣಿಗೆ ಶಾಲೆಗೆ ಪ್ರೊಫೆಸರ್ ಮಾಡಿದ. ಒಮ್ಮೆ ಚಕ್ರವರ್ತಿ ತನ್ನ ಶಾಯಿಕಲ್ಲನ್ನೇ ಕೊಟ್ಟು ಬರೆಯೋಕೆ ಹೇಳಿದ. ಬರೆದು ಮುಗಿಸಿದ ಮಿ ಫೂ ಮಂಡಿಯೂರಿ, ಈ ಕಲ್ಲನ್ನು ನಾನು ಮುಟ್ಟಿ ಮೈಲಿಗೆ ಮಾಡಿದ್ದೀನಿ, ಇನ್ನು ಚಕ್ರವರ್ತಿಗಳು ಬಳಸೋದು ಸರಿಯಲ್ಲ ಅಂದ. ಹುಯ್‌ಜೋಂಗ್ ನಕ್ಕು ಕೊಟ್ಟುಬಿಟ್ಟ. ಕೊಟ್ಟಿದ್ದೇ ತಡ, ಶಾಯಿ ತುಂಬಿದ ಕಲ್ಲನ್ನು ಹಾಗೇ ಎದೆಗೆ ತುರುಕ್ಕೊಂಡು ಹೊರಗೆ ಓಡಿದ. ಅಂಗಿ ತುಂಬ ಶಾಯಿ. ಧೂಳು ಕಂಡ್ರೆ ಆಗದವನು!

ಈಗ ಅವನ ಅತಿ ಪ್ರೀತಿಯ ಕಲ್ಲಿನ ಕಥೆ. ಅದು ದಕ್ಷಿಣ ತಾಂಗ್ ರಾಜ್ಯದ ಕೊನೆಯ ದೊರೆ ಲೀ ಯೂನದ್ದು. ಅವನೂ ಕವಿ. ರಾಜ್ಯ ಕಳ್ಕೊಂಡು ಸೆರೆಯಲ್ಲಿ 978ರಲ್ಲಿ ಸತ್ತ. ಒಂದಡಿಗಿಂತ ಸ್ವಲ್ಪ ಉದ್ದದ ಆ ಕಲ್ಲಿನಲ್ಲಿ ಬೆರಳಿನಂಥ 36 ಶಿಖರಗಳು. ನಡುವೆ ಸಮತಟ್ಟು ಜಾಗದಲ್ಲಿ ಶಾಯಿ ತೇಯಬಹುದು. ಅಂದ್ರೆ ಕೆಲಸದ ಕಲ್ಲೂ ಹೌದು, ನೋಟದ ಕಲ್ಲೂ ಹೌದು. ಕೈಯಿಂದ ಕೈಗೆ ದಾಟಿ ಅದು ಮಿ ಫೂ ಹತ್ರ ಬಂತು.

ಆದ್ರೆ ಅವನಿಗೆ ಮನೆ ಇರಲಿಲ್ಲ. ಟ್ರಾನ್ಸ್‌ಫರ್ ಆದಲ್ಲೆಲ್ಲ ಪುಸ್ತಕ, ಚಿತ್ರಗಳನ್ನು ದೋಣಿಯಲ್ಲಿ ತುಂಬ್ಕೊಂಡು ತಿರುಗುತ್ತಿದ್ದ. ಝೆನ್‌ಜ್ಯಾಂಗ್‌ನ ಗಾನ್‌ಲು ದೇವಸ್ಥಾನದ ಕೆಳಗೆ, ನದಿಯ ಹತ್ರ, ಹಳೇ ಮರಗಳಿದ್ದ ಒಂದು ಜಾಗ ಅವನಿಗೆ ಬಹಳ ಹಿಡಿಸ್ತು. ಜಾಗ ಸೂ ಅನ್ನೋ ಇನ್ನೊಂದು ಮನೆತನದ್ದು. ಆ ಮನೆಯವನಿಗೋ ಈ ಕಲ್ಲಿನ ಮೇಲೆ ಕಣ್ಣು. ಮಧ್ಯಸ್ಥರು ಕೂತು ಮಾತಾಡಿ ಕಲ್ಲು ಕೊಟ್ಟು ಜಾಗ ತಗೊಳ್ಳೋದು ಅಂತಾಯ್ತು. ಮಿ ಫೂ ಅಲ್ಲಿ ಮನೆ ಕಟ್ಟಿದ. ಮನೆ ಆಯ್ತು, ನೆಮ್ಮದಿ ಆಗಲಿಲ್ಲ. ಕಲ್ಲನ್ನು ಒಮ್ಮೆ ನೋಡೋಕಾದ್ರೂ ಕೇಳಿದ್ರೆ ಹೊಸ ಮಾಲೀಕ ತೋರಿಸಲಿಲ್ಲ. ಕೊನೆಗೆ ನೆನಪಿಂದಲೇ ಅದರ ಚಿತ್ರ ಬರೆದು, ಅದರ ಮೇಲೆ ಪದ್ಯ ಬರೆದು ಸಮಾಧಾನ ಮಾಡ್ಕೊಂಡ. ಸೈಟಿಗೋಸ್ಕರ ಮನೆಯ ಬಂಗಾರ ಮಾರಿದವರ ಕಥೆ ನಮ್ಮ ಎಲ್ಲರ ಮನೆಯಲ್ಲೂ ಇದೆ. ಹಾಗಾಗಿ ಇಲ್ಲಿ ಮಾತ್ರ ಅವನು ನಂಗೆ ಪೂರ್ತಿ ಅರ್ಥ ಆಗ್ತಾನೆ.

ಅರಮನೆಯ ಕೆಲಸ ಬಹಳ ದಿನ ಉಳಿಯಲಿಲ್ಲ. ವಿಧಿವಿಧಾನಗಳ ಇಲಾಖೆಯಲ್ಲಿ ಒಂದು ಹುದ್ದೆ ಸಿಕ್ಕಿದಾಗ ವಿರೋಧಿಗಳು ಮತ್ತೆ ಎದ್ದರು. ಇಂಥ ವರ್ತನೆಯವನು, ಇಂಥ ಹುಟ್ಟಿನವನು ವಿಧಿವಿಧಾನ ಹೇಳಿಕೊಡೋದಾ ಅಂತ. ಐವತ್ತು ದಾಟಿದ ಮೇಲೂ ಅದೇ ಅಮ್ಮನ ಕೆಲಸದ ವಿಷಯ. ಅವನನ್ನು ಹ್ವಾಯ್‌ಯಾಂಗ್‌ಗೆ ಕಳಿಸಿದ್ರು. 1107ರಲ್ಲಿ ಅಲ್ಲೇ ತೀರ್ಕೊಂಡ. ಸಾವು ಹತ್ತಿರ ಬಂತು ಅಂತ ಗೊತ್ತಾಗಿ ಗೆಳೆಯರಿಗೆಲ್ಲ ಪತ್ರ ಬರೆದ, ಶವಪೆಟ್ಟಿಗೆ ಮಾಡಿಸಿ ಅದರಲ್ಲೇ ಕೂತು ಊಟ ಮಾಡಿದ, ಫೈಲುಗಳಿಗೂ ಅಲ್ಲೇ ಸಹಿ ಹಾಕಿದ ಅಂತೊಂದು ಕಥೆ ಇದೆ. ಮಗ ಮಿ ಯೂರೆನ್ ಮುಂದೆ ದೊಡ್ಡ ಚಿತ್ರಕಾರನಾದ. ಗೆರೆ ಕಮ್ಮಿ ಮಾಡಿ ಒದ್ದೆ ಶಾಯಿಯ ಚುಕ್ಕೆಗಳಿಂದಲೇ ಮಂಜು ಕವಿದ ಬೆಟ್ಟ ಬರೆಯೋ ಇವರ ಶೈಲಿಗೆ ಮಿ ಚುಕ್ಕೆ ಅಂತಲೇ ಹೆಸರು. ಜುಲೈ ತಿಂಗಳಲ್ಲಿ ಕೊಡಚಾದ್ರಿ ಕಡೆ ನೋಡಿದವರಿಗೆ ಆ ಚಿತ್ರಗಳನ್ನು ವಿವರಿಸಬೇಕಾಗಿಲ್ಲ.

ಅವನು ಸತ್ತ ಮೇಲೆ ಕಲ್ಲಿನ ಪ್ರೀತಿಗೆ ಏನಾಯ್ತು ಅನ್ನೋದೂ ಅವನ ಕಥೆಯದ್ದೇ ಭಾಗ. ಹುಯ್‌ಜೋಂಗ್ ರಾಜಧಾನಿ ಕೈಫೆಂಗ್‌ನಲ್ಲಿ ಗೆನ್‌ಯ್ವೆ ಅನ್ನೋ ಕಲ್ಲಿನ ಬೆಟ್ಟವನ್ನೇ ಕಟ್ಟಿಸೋಕೆ ಹೊರಟ. 1117ರಲ್ಲಿ ಶುರುವಾಗಿ 1122ರಲ್ಲಿ ಮುಗೀತು. ಕಲ್ಲು ತರೋಕೆ ಸೂಝೋನಲ್ಲಿ ಒಂದು ಆಫೀಸ್, ಅದಕ್ಕೆ ಝೂ ಮ್ಯಾನ್ ಅನ್ನೋ ದರ್ಬಾರಿ ಅಧಿಕಾರಿ. ಯಾರ ಮನೆಯಲ್ಲಿ ಒಳ್ಳೆ ಕಲ್ಲೋ ಮರವೋ ಇದ್ರೆ ಅದಕ್ಕೆ ಹಳದಿ ಬಟ್ಟೆ ಹೊದಿಸಿದ್ರೆ ಮುಗೀತು, ಅದು ಚಕ್ರವರ್ತಿಯದ್ದು. ಹೊರಗೆ ತರೋಕೆ ಅಡ್ಡ ಬಂದ ಗೋಡೆ ಒಡೀಬೇಕು. ಕಾಲುವೆಯಲ್ಲಿ ದೋಣಿಗಳ ಸಾಲು, ದೊಡ್ಡ ಕಲ್ಲು ದಾಟೋಕೆ ಸೇತುವೆಗಳನ್ನೂ ಊರಿನ ನೀರುಬಾಗಿಲುಗಳನ್ನೂ ಒಡೆದ್ರು. ಒಂದು ಭಾರೀ ಕಲ್ಲಿಗೆ ಪ್ರಭುವಿನ ಪದವಿಯನ್ನೇ ಕೊಟ್ಟ. 1120ರಲ್ಲಿ ಫಾಂಗ್ ಲಾ ನಾಯಕತ್ವದಲ್ಲಿ ದಕ್ಷಿಣದಲ್ಲಿ ದಂಗೆ ಎದ್ದಿದ್ದಕ್ಕೆ ಈ ಕಲ್ಲು ಸಾಗಾಟವೂ ಒಂದು ಕಾರಣ. ಆಮೇಲೆ ಉತ್ತರದಿಂದ ಜುರ್ಚೆನ್ ಸೈನ್ಯ ಬಂದು ರಾಜಧಾನಿಗೆ ಮುತ್ತಿಗೆ ಹಾಕ್ತು. ಕವಣೆಯಂತ್ರಕ್ಕೆ ಗುಂಡು ಬೇಕಾದಾಗ ಊರಿನ ಜನ ಗೆನ್‌ಯ್ವೆ ಬೆಟ್ಟದ ಕಲ್ಲುಗಳನ್ನೇ ಒಡೆದು ತುಂಬಿದ್ರು. 1127ರಲ್ಲಿ ಚಕ್ರವರ್ತಿಯನ್ನು ಸೆರೆ ಹಿಡಿದು ಉತ್ತರಕ್ಕೆ ಕೊಂಡೊಯ್ದರು. 1135ರಲ್ಲಿ ಅಲ್ಲೇ ಸತ್ತ. ಅಣ್ಣಯ್ಯ ಅಂತ ಕರೆದವನ ಕಲ್ಲು ಅವನ ತೋಳಿನಲ್ಲಿ ಹಿಡಿಸ್ತಿತ್ತು. ಇವನ ಕಲ್ಲಿಗೆ ಸೇತುವೆ ಒಡೀಬೇಕಾಗಿತ್ತು.

ವೂವೇಯಲ್ಲಿ ಮಿ ಫೂ ಹೆಸರಿನ ಸ್ಮಾರಕ ಇವತ್ತೂ ಇದೆ. ಅವನು ಕಲ್ಲಿಗೆ ನಮಸ್ಕರಿಸೋ ದೃಶ್ಯವನ್ನು ಚಿತ್ರಕಾರರು ನೂರಾರು ವರ್ಷ ಬರೀತಾನೇ ಬಂದ್ರು. 36 ಶಿಖರದ ಕಲ್ಲು ಕೊನೆಗೆ ಹುಯ್‌ಜೋಂಗ್‌ನ ಅರಮನೆ ಸೇರ್ತು ಅಂತ ಹಳೇ ಪುಸ್ತಕ ಹೇಳತ್ತೆ. ಉಳಿದಿರೋದು ಅದರ ಮೇಲೆ ಅವನು ಬರೆದದ್ದೆನ್ನುವ ಒಂದು ಸುರುಳಿ. 2002ರಲ್ಲಿ ಬೀಜಿಂಗ್‌ನ ಹರಾಜಿಗೆ ಬಂದಾಗ ಚೀನಾ ಸರ್ಕಾರ 2 ಕೋಟಿ 99 ಲಕ್ಷ 90 ಸಾವಿರ ಯುವಾನ್ ಕೊಟ್ಟು ಅರಮನೆ ಮ್ಯೂಸಿಯಮ್ಮಿಗೆ ತಗೊಂಡ್ತು. ಅದು ಅವನ ಕೈಬರಹವೇ ಅಲ್ಲ ಅಂತ ವಾದ ಮಾಡೋ ವಿದ್ವಾಂಸರೂ ಇದ್ದಾರೆ. ಜೀವನವಿಡೀ ಬೇರೆಯವರ ನಕಲು ಮಾಡಿದವನಿಗೆ ಇದು ಸರಿಯಾದ ಬಡ್ಡಿ.

ಸುರುಳಿಯಲ್ಲಿ ಕಲ್ಲಿನ ಚಿತ್ರವೂ ಇದೆ. ನಮ್ಮ ಡ್ರಾಯಿಂಗ್ ಶೀಟಿನ ಹಾಗೆ ಭಾಗ ಭಾಗಕ್ಕೂ ಹೆಸರು ಬರೆದಿದೆ. ಕೊಡೆಯಂಥ ಶಿಖರ, ಚಂದ್ರನ ಬಂಡೆ, ಪಚ್ಚೆಯ ಕಳಲೆ, ಮೇಲಿನ ಗುಹೆ, ಕೆಳಗಿನ ಗುಹೆ. ಡ್ರ್ಯಾಗನ್ ಕೊಳ ಅಂತ ಒಂದು ಸಣ್ಣ ಗುಳಿ. ಮಳೆ ಬರೋಕೆ ಮೊದಲು ಅದು ತನ್ನಷ್ಟಕ್ಕೆ ಒದ್ದೆಯಾಗತ್ತೆ ಅಂತ ಪಕ್ಕದಲ್ಲಿ ಬರೆದಿದೆ. ಮೇ ಕೊನೆಗೆ ನಮ್ಮ ಮನೆಗಳ ನೆಲ ಬೆವರಿದ್ರೆ ಮಳೆ ಬಂತು ಅಂತೀವಲ್ಲ, ಅದೇ. ಹ್ಯುಮಿಡಿಟಿ ಏರಿದಾಗ ತಣ್ಣಗಿನ ಕಲ್ಲಿನ ಮೇಲೆ ನೀರು ಕೂರತ್ತೆ. ಅದರ ಹತ್ರವೇ ಇನ್ನೊಂದು ಟಿಪ್ಪಣಿ ಇದೆ. ಕೆಳಗಿನ ಗುಹೆಯಿಂದ ಮೇಲಿನ ಗುಹೆಗೆ ಮೂರು ತಿರುವು ತಗೊಂಡು ಒಂದು ದಾರಿ ಹೋಗತ್ತೆ, ತಾನು ಮನಸ್ಸಲ್ಲೇ ಅದರೊಳಗೆ ನಡೆದಾಡಿ ಬಂದಿದ್ದೀನಿ ಅಂತ.